ಹದಿಮೂರು ರೂಪಾಯಿ ಬಾಕಿ



ವಕ್ಕಲೇರಿಯಂಥ ಊರಲ್ಲಿ ಯಾರಾದರೂ ಕಿರಾಣಿ ಅಂಗಡಿ ಬಾಕಿ ಇಟ್ಟು ಊರು ಬಿಟ್ಟರೆ ಏನಾಗುತ್ತೆ? ಮೊಮ್ಮಕ್ಕಳ ಕಾಲದವರೆಗೂ ಜನ ಆಡ್ಕೋತಾರೆ. ಬೆಂಗಳೂರು ಕ್ಲಬ್‌ನ 1899ರ ಲೆಕ್ಕದ ಪುಸ್ತಕದಲ್ಲೂ ಅಂಥದೊಂದು ಹೆಸರಿದೆ. ವಸೂಲಾಗದ ಬಾಕಿ 13 ರೂಪಾಯಿ. ಹೆಸರು, ಲೆಫ್ಟಿನೆಂಟ್ ವಿನ್‌ಸ್ಟನ್ ಚರ್ಚಿಲ್!

1896ರಲ್ಲಿ ನಾಲ್ಕನೇ ಹುಸಾರ್ಸ್ ಕುದುರೆ ಪಡೆಯ ಜೊತೆ ಬೆಂಗಳೂರಿಗೆ ಬಂದಾಗ ಆತನಿಗಿನ್ನೂ 21 ವರ್ಷ. ಬೆಳಗ್ಗೆ ಕವಾಯತು, ಮಧ್ಯಾಹ್ನ ಬಂಗಲೆಯಲ್ಲಿ ಓದು, ಸಂಜೆ ಪೋಲೋ. ಕುದುರೆ ಮೇಲೆ ಕೂತು ಉದ್ದನೆ ಕೋಲಿನಿಂದ ಚೆಂಡು ಹೊಡೆಯೋ ಈ ಆಟವನ್ನ ಬ್ರಿಟಿಷರು ಕಲಿತದ್ದೇ ಮಣಿಪುರದ ಜನರಿಂದ. ಬೊಂಬಾಯಿಯಲ್ಲಿ ದಡಕ್ಕೆ ಇಳಿಯುವಾಗಲೇ ಆತನ ಬಲಭುಜಕ್ಕೆ ಪೆಟ್ಟಾಗಿತ್ತು. ಆ ನೋವು ಆಮೇಲೂ ಬಿಡಲಿಲ್ಲ. ಆದರೂ ತೋಳನ್ನ ಮೈಗೆ ಬಿಗಿದು ಕಟ್ಟಿಕೊಂಡು ಆಡಿದ. 1899ರಲ್ಲಿ ಮೀರತ್‌ನಲ್ಲಿ ಆತನ ತಂಡ ರೆಜಿಮೆಂಟ್‌ಗಳ ಕಪ್ ಗೆದ್ದುಬಿಟ್ಟಿತು. ಛಲ ಅಂದ್ರೆ ಛಲ. ಅದನ್ನ ಒಪ್ಪಲೇಬೇಕು.

ಆದರೆ ಮೈದಾನದ ಬೇಲಿಯಾಚೆ ಏನಿತ್ತು? 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಜನ ಮನೆಮಠ ಬಿಟ್ಟು ಓಡಿದರು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ಪ್ಲೇಗ್ ಕಲಿಸಿದ ಪಾಠದಿಂದ. ಚರ್ಚಿಲ್ ಬೆಂಗಳೂರಿನ ಬಗ್ಗೆ ಬರೆದದ್ದರಲ್ಲಿ ಎದ್ದು ಕಾಣೋದು ಗುಲಾಬಿ, ಚಿಟ್ಟೆ, ಬಟ್ಲರ್, ಕುದುರೆ. ಆತ ಕಂಡ ಇಂಡಿಯಾ ಬಂಗಲೆಯ ಕಾಂಪೌಂಡು, ಪೋಲೋ ಮೈದಾನದಷ್ಟೇ ಅಗಲ.

ಒಬ್ಬ ಸಾಮಾನ್ಯ ಅಧಿಕಾರಿಯಾಗಿದ್ದರೆ ಪರವಾಗಿರಲಿಲ್ಲ. 1940ರಲ್ಲಿ ಆತ ಪ್ರಧಾನಿಯಾದ. 1943ರಲ್ಲಿ ಬಂಗಾಳದಲ್ಲಿ ಕ್ಷಾಮ. ಧಾನ್ಯ ತರೋಕೆ ಹಡಗು ಕೊಡಿ ಅಂತ ವೈಸ್‌ರಾಯ್‌ಗಳು ಲಂಡನ್‌ಗೆ ಮತ್ತೆ ಮತ್ತೆ ಬರೆದರು. ಯುದ್ಧ ನಡೀತಿತ್ತು, ನಿಜ. ಆದರೆ ಕೇಳಿದಷ್ಟು ಸಿಗಲೇ ಇಲ್ಲ. ಹಸಿವು, ರೋಗಕ್ಕೆ ಸತ್ತವರು ಸುಮಾರು 30 ಲಕ್ಷ.

ಕ್ಲಬ್‌ನ ಆ ಪುಸ್ತಕವನ್ನ ಇವತ್ತಿಗೂ ಹೆಮ್ಮೆಯಿಂದ ತೋರಿಸ್ತಾರೆ. ನಾವೂ ನೋಡಿ ನಗ್ತೀವಿ. ನಗೋಣ, ತಪ್ಪಿಲ್ಲ. ಹದಿಮೂರು ರೂಪಾಯಿಯನ್ನ ಯಾರು ಬೇಕಾದರೂ ಮನ್ನಾ ಮಾಡಬಹುದು. ಅನ್ನ ಸಿಗದೆ ಸತ್ತವರ ಬಾಕಿಯನ್ನ ಮನ್ನಾ ಮಾಡೋಕೆ ನಮಗ್ಯಾರಿಗೂ ಹಕ್ಕಿಲ್ಲ.