ಹೆಜ್ಜೆ ಬಲ್ಲವಳು



ಫ್ರೆಂಚ್ ಕಾದಂಬರಿಗಳ ನರ್ತನಕೂಟಗಳ ಬಗ್ಗೆ ಮಾತಾಡಲು ಇಷ್ಟು ಜನ ಸೇರಿರುವುದು ನನಗೆ ತುಂಬ ಸಂತೋಷ ತಂದಿದೆ. ಬಾಲ್ಜಾಕನ ಕೂಟಗಳಲ್ಲಿ ಹಣದ ಲೆಕ್ಕಾಚಾರ ಹೇಗೆ ನಡೆಯುತ್ತದೆಂದು ಈ ಗೋಷ್ಠಿಯ ಅಧ್ಯಕ್ಷರು ವಿವರವಾಗಿ ಬರೆದಿದ್ದಾರೆ. ಸ್ಟೆಂಡಾಲನ ಮತಿಲ್ಡ್ ಕುಣಿತದ ನಡುವೆ ಮರಣದಂಡನೆಯ ಬಗ್ಗೆ ಯೋಚಿಸುವ ಪ್ರಸಂಗವನ್ನು ಮುಂದಿನ ಸಾಲಿನಲ್ಲಿರುವ ಗೆಳೆಯರು ನನಗಿಂತ ಚೆನ್ನಾಗಿ ಬಲ್ಲರು. ಅವನ್ನು ಅವರಿಗೇ ಬಿಡುತ್ತೇನೆ.

ನನ್ನ ತಕರಾರು ಹಳೆಯದು. 1857ರಲ್ಲಿ ‘ಮದಾಮ್ ಬೊವಾರಿ’ಯ ಮೇಲೆ ಮೊಕದ್ದಮೆ ನಡೆದಾಗ ಸರ್ಕಾರಿ ವಕೀಲ ಪಿನಾರ್ ನಾಯಕಿ ಎಮ್ಮಾಳ ವಾಲ್ಟ್ಜ್ ಕುಣಿತವನ್ನೂ ಅನೀತಿಗೆ ಸಾಕ್ಷಿಯಾಗಿ ಮುಂದಿಟ್ಟ. ಕಾದಂಬರಿಕಾರ ಫ್ಲೊಬೇರ್ ಖುಲಾಸೆಯಾದ. ಆದರೆ ವಿಮರ್ಶೆ ಆ ಪುಟಗಳನ್ನು ಪಿನಾರನ ಕಣ್ಣಿನಿಂದಲೇ ನೋಡುತ್ತ ಬಂತು. ಕುಣಿತವೆಂದರೆ ಕಾಮನೆ, ಅಷ್ಟೇ. ಅದು ಕಾಲಿಗೆ ಹತ್ತಬೇಕಾದ ವಿದ್ಯೆ ಎಂಬುದು ಮರೆತೇ ಹೋಯಿತು.

1678ರ ‘ಕ್ಲೇವ್ ರಾಜಕುಮಾರಿ’ಯನ್ನು ನೋಡಿ. ಲೂವ್ರ್ ಅರಮನೆಗೆ ತಡವಾಗಿ ಬಂದ ನೆಮೂರ್ ಆಸನಗಳನ್ನು ದಾಟಿಕೊಂಡು ಒಳಗೆ ಬರುತ್ತಾನೆ. ಈಗ ಬಂದವನ ಜೊತೆ ಕುಣಿಯುವಂತೆ ದೊರೆ ರಾಜಕುಮಾರಿಗೆ ಹೇಳುತ್ತಾನೆ. ಅವರು ಹಿಂದೆಂದೂ ಭೇಟಿಯಾದವರಲ್ಲ, ಪರಿಚಯ ಮಾಡಿಸಿದವರೂ ಇಲ್ಲ. ಆದರೂ ಸಭೆಯೇ ಮೆಚ್ಚಿ ಪಿಸುಗುಡುವಂತೆ ಕುಣಿಯುತ್ತಾರೆ. ಮೊದಲ ನೋಟದ ಪ್ರೇಮ ಎಂದು ಷರಾ ಬರೆದು ನಾವು ಪುಟ ತಿರುಗಿಸುತ್ತೇವೆ. ಆಸ್ಥಾನದ ಹೆಜ್ಜೆ ಇಬ್ಬರಿಗೂ ಮೊದಲೇ ಬರುತ್ತಿತ್ತು ಎಂಬುದನ್ನು ಯಾರೂ ಗಮನಿಸುವುದಿಲ್ಲ.

ಎಮ್ಮಾ ಕಾನ್ವೆಂಟಿನಲ್ಲಿ ಓದಿದವಳು, ಕುಣಿತ ಬಲ್ಲವಳು. ಆದರೆ ವಾಲ್ಟ್ಜ್ ಬಾರದು. ವೊಬಿಯೆಸಾರ್ ಮಹಲಿನ ನರ್ತನಕೂಟದಲ್ಲಿ ವಾದ್ಯಗಾರರು ಕಾದ ಬೆರಳ ತುದಿಗಳನ್ನು ನಾಲಿಗೆಗೆ ತಾಗಿಸಿ ತಣಿಸಿಕೊಳ್ಳುತ್ತಾರೆ. ಗಂಡ ಶಾರ್ಲ್ ಬಾಗಿಲಿಗೆ ಒರಗಿ ತೂಕಡಿಸುತ್ತಾನೆ. ಬೆಳಗಿನ ಜಾವ ಮೂರಕ್ಕೆ ಒಬ್ಬ ವೈಕೌಂಟ್, ತಾನು ನಡೆಸಿಕೊಡುತ್ತೇನೆಂದು ಅವಳನ್ನು ಕರೆಯುತ್ತಾನೆ. ಅವಳ ಉಡುಪಿನ ಅಂಚು ಅವನ ಪ್ಯಾಂಟಿಗೆ ಅಂಟುತ್ತದೆ, ತಲೆ ಸುತ್ತುತ್ತದೆ, ಅವನು ಅವಳನ್ನು ಜಾಗಕ್ಕೆ ತಂದು ಬಿಡುತ್ತಾನೆ. ಅವಳು ಕಣ್ಣು ಬಿಡುವ ಹೊತ್ತಿಗೆ ಇನ್ನೊಬ್ಬಾಕೆ ಅದೇ ವೈಕೌಂಟನನ್ನು ಆರಿಸಿಕೊಳ್ಳುತ್ತಾಳೆ. ಆ ಜೋಡಿಯನ್ನು ಎಲ್ಲರೂ ನೋಡುತ್ತಾರೆ. ಆಗ, ಆ ಹೆಂಗಸಿಗೆ ವಾಲ್ಟ್ಜ್ ಚೆನ್ನಾಗಿ ಗೊತ್ತು ಎಂಬ ಉದ್ಗಾರವೊಂದು ಬರುತ್ತದೆ.

ಆ ಉದ್ಗಾರ ಯಾರದು? ಎಮ್ಮಾಳದೋ, ಸಭೆಯದೋ, ಫ್ಲೊಬೇರನದೋ? ವರ್ಷಗಳಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸಭೆಯದಾದರೆ ಅದು ಎಮ್ಮಾಳ ಮೇಲೆ ಕೊಟ್ಟ ತೀರ್ಪು. ಅವಳದೇ ಆದರೆ ಅಸೂಯೆ ಎನ್ನುವುದು ರೂಢಿ. ಚಿಕ್ಕಂದಿನಿಂದ ಭರತನಾಟ್ಯ ಕಲಿತ ವಿದ್ಯಾರ್ಥಿನಿಯೊಬ್ಬಳು ತರಗತಿಯಲ್ಲಿ ಎದ್ದು ನಿಂತು, “ಇದು ಹೊಟ್ಟೆಕಿಚ್ಚಲ್ಲ ಮೇಡಂ, ಹೆಜ್ಜೆ ತಪ್ಪಿದವಳಿಗೇ ಸರಿಯಾದ ಹೆಜ್ಜೆ ಕಾಣಿಸೋದು” ಎಂದಳು. ಎಮ್ಮಾಳನ್ನು ಇಷ್ಟು ಗೌರವದಿಂದ ಓದಿದ ಪ್ರಬಂಧ ನಾನು ಕಂಡದ್ದು ಕಡಿಮೆ. ಆದರೂ ಸಭೆಯ ದನಿಯನ್ನು ಆ ಸಾಲಿನಿಂದ ಪೂರ್ತಿ ತೆಗೆದುಹಾಕಲು ನನಗೆ ಆಗಿಲ್ಲ.

ಪ್ರಬಂಧ ಮಂಡಿಸುವ ಯುವಮಿತ್ರರಲ್ಲಿ ಒಂದು ಕೋರಿಕೆ. ಕುಣಿತ ಯಾವುದರ ಸಂಕೇತ ಎಂದು ಹೇಳುವ ಮುನ್ನ ಅದು ಯಾವ ಕುಣಿತ, ಯಾರು ಕಲಿಸಿದ್ದು, ಯಾರಿಗೆ ಬಾರದು ಎಂದು ದಯವಿಟ್ಟು ಹೇಳಿ.