ಹಿಮದ ನಾಡಿಗೆ ಹೊರಡುವ ಮುನ್ನ

(ಸಂಘದ ವಾರ್ಷಿಕೋತ್ಸವದಂದು ಮಡಕಶಿರದಲ್ಲಿ ಸೇರಿದ್ದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪ್ರತಿ ವರ್ಷವೂ ಈ ವೇದಿಕೆಯಿಂದ ಶಾಲೆಯ ಫಲಿತಾಂಶವನ್ನೋ ಕಟ್ಟಡದ ನಿಧಿಯನ್ನೋ ಕುರಿತು ನಾವು ನಾಲ್ಕು ಮಾತನಾಡುವುದು ವಾಡಿಕೆ. ಈ ಸಲ ಆ ವಾಡಿಕೆಯನ್ನು ಬದಿಗಿಟ್ಟು, ಹಿಮದ ಮೇಲೆ ಜಾರುವ ಆಟಕ್ಕೆಂದು ಪ್ರವಾಸ ಹೊರಡುವವರು ವಿಮೆಯನ್ನು ಹೇಗೆ ಆರಿಸಿಕೊಳ್ಳಬೇಕೆಂಬ ವಿಷಯವನ್ನು ಎತ್ತಿಕೊಂಡಿದ್ದೇವೆ. ಕೆಲವರಿಗೆ ಇದು ನಗೆ ತರಿಸೀತು. ಮಳೆಗಾಗಿ ಆಕಾಶ ನೋಡುತ್ತ ಕಡಲೆಕಾಯಿ ಬಿತ್ತುವ ನಮ್ಮ ಸೀಮೆಗೂ ಹಿಮಕ್ಕೂ ಏನು ನಂಟು ಎಂದು ಕೇಳಬಹುದು. ನಂಟು ಬೆಳೆದಿದೆ. ಈ ಬೆಂಚುಗಳ ಮೇಲೆ ಕುಳಿತು ಮಗ್ಗಿ ಹೇಳಿದ ಮಕ್ಕಳು ಇಂದು ಬೆಂಗಳೂರಿನಲ್ಲಿದ್ದಾರೆ, ಹೊರದೇಶಗಳಲ್ಲಿದ್ದಾರೆ. ಚಳಿಗಾಲದ ರಜೆ ಬಂತೆಂದರೆ ಗುಲ್ಮಾರ್ಗ್, ಔಲಿ, ಮನಾಲಿ, ಸ್ವಿಟ್ಜರ್ಲೆಂಡ್ ಎಂದು ಹೊರಡುತ್ತಾರೆ. ಕಾಲಿಗೆ ನೀಳವಾದ ಹಲಗೆಗಳನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಎಂಬ ಆಟ ಅವರಿಗೆ ಹೊಸದಲ್ಲ. ಅವರ ಸಂತೋಷಕ್ಕೆ ಅಡ್ಡ ಬರುವುದು ನಮ್ಮ ಉದ್ದೇಶವಲ್ಲ. ಆದರೆ ಈ ವಿಷಯದಲ್ಲಿ ನಮ್ಮ ಮೇಲೆ ಒಂದು ಋಣವಿದೆ. ಅದನ್ನು ಮೊದಲು ಒಪ್ಪಿಕೊಂಡು ಆಮೇಲೆ ಮಾತು ಮುಂದುವರಿಸುವುದು ನ್ಯಾಯ.

ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸದ ನಿಮಿತ್ತ ಯೂರೋಪಿಗೆ ಹೊರಟಿದ್ದ. ಹೊರಡುವ ಮುನ್ನ ತಂದೆಯೊಡನೆ ನಮ್ಮ ಮನೆಗೆ ಬಂದು, ಇಂಗ್ಲಿಷಿನಲ್ಲಿದ್ದ ವಿಮಾ ಪತ್ರವನ್ನು ಮುಂದಿಟ್ಟು, "ಒಂದು ಸಲ ನೋಡಿ ಹೇಳಿ, ಸಾರ್" ಎಂದ. ಇಪ್ಪತ್ತಕ್ಕೂ ಮಿಕ್ಕ ಪುಟಗಳು. ನಾವು ಮೊದಲ ಪುಟದಲ್ಲಿದ್ದ ಹೆಸರು, ದಿನಾಂಕ, ಮೊತ್ತಗಳನ್ನು ನೋಡಿ "ಎಲ್ಲ ಸರಿಯಾಗಿದೆ, ಹೋಗಿ ಬಾ" ಎಂದು ಹರಸಿ ಕಳುಹಿಸಿದೆವು. ಅಲ್ಲಿ ಒಂದು ಭಾನುವಾರ ಗೆಳೆಯರೊಡನೆ ಹಿಮಕ್ಕೆ ಹೋದವನು ಬಿದ್ದು ಮೊಣಕಾಲು ಮುರಿದುಕೊಂಡ. ಹೆಲಿಕಾಪ್ಟರಿನಲ್ಲಿ ಕೆಳಗಿಳಿಸಿದರು, ಶಸ್ತ್ರಚಿಕಿತ್ಸೆ ಮಾಡಿದರು. ವಿಮೆಯವರಿಂದ ಬಂದ ಉತ್ತರ ಎರಡೇ ವಾಕ್ಯ: ಚಳಿಗಾಲದ ಕ್ರೀಡೆಗಳು ಈ ವಿಮೆಯ ವ್ಯಾಪ್ತಿಗೆ ಸೇರಿಲ್ಲ; ಹೆಚ್ಚುವರಿ ಕಂತು ಕಟ್ಟಿದ್ದರೆ ಸೇರುತ್ತಿತ್ತು. ಆ ಷರತ್ತು ಪತ್ರದ ಹದಿನಾಲ್ಕನೆಯ ಪುಟದಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ತಂದೆ ಅರ್ಧ ತೋಟವನ್ನು ಮಾರಿ ಸಾಲ ತೀರಿಸಿದರು. ಒಂದು ದಿನ ಎದುರಾದಾಗ ಕೋಪವಿಲ್ಲದ ದನಿಯಲ್ಲಿ, "ಆ ಕಾಗದ ನೀವು ನೋಡಿದ್ದಿರಲ್ಲವೇ, ಮೇಷ್ಟ್ರೇ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, ಅಂದಿನಿಂದ ನಾವು ಇಂಥ ಪತ್ರಗಳನ್ನು ನಿಘಂಟು ಹಿಡಿದು ಕೊನೆಯ ಪುಟದವರೆಗೆ ಓದುವುದನ್ನು ರೂಢಿಸಿಕೊಂಡೆವು. ಈಗ ಮತ್ತೊಬ್ಬ ಹಳೆಯ ವಿದ್ಯಾರ್ಥಿ ಹೆಂಡತಿ ಮಕ್ಕಳನ್ನೂ ಅರುವತ್ತು ದಾಟಿದ ತಂದೆಯನ್ನೂ ಕರೆದುಕೊಂಡು ಗುಲ್ಮಾರ್ಗಿಗೆ ಹೋಗುವವನಿದ್ದಾನೆ. ಅವನು ತಂದ ಕಾಗದಗಳನ್ನು ಎದುರಿಟ್ಟುಕೊಂಡು ಕುಳಿತಾಗ ನಾವು ಕಲಿತದ್ದನ್ನೇ ಇಲ್ಲಿ ಅರಿಕೆ ಮಾಡುತ್ತೇವೆ.

ಮೊದಲನೆಯದಾಗಿ, ವಿಮೆ ಇದೆ ಎಂಬುದು ಬೇರೆ, ಆಟಕ್ಕೆ ವಿಮೆ ಇದೆ ಎಂಬುದು ಬೇರೆ. ಸ್ವಿಟ್ಜರ್ಲೆಂಡ್ ಮೊದಲಾದ ಷೆಂಗೆನ್ ರಾಷ್ಟ್ರಗಳ ವೀಸಾ ಬೇಕೆನ್ನುವವರು ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವೈದ್ಯಕೀಯ ವಿಮೆಯನ್ನು ತೋರಿಸಲೇಬೇಕು. ಅದು ವೀಸಾ ಕಚೇರಿಯ ಅಗತ್ಯವನ್ನು ಪೂರೈಸುತ್ತದೆ. ಹಿಮದ ಮೇಲಿನ ಅಗತ್ಯವನ್ನು ಪೂರೈಸುತ್ತದೆಂಬ ನಿಯಮವಿಲ್ಲ. ಆದುದರಿಂದ ಕೊಳ್ಳುವಾಗ "ಪ್ರವಾಸಕ್ಕೆ ವಿಮೆ ಕೊಡಿ" ಎಂದರೆ ಸಾಲದು. "ನಾವು ಸ್ಕೀಯಿಂಗ್ ಮಾಡುತ್ತೇವೆ, ಅದರಲ್ಲಾಗುವ ಪೆಟ್ಟಿಗೆ ಪರಿಹಾರವುಂಟೇ?" ಎಂದು ಆಟದ ಹೆಸರು ಹಿಡಿದೇ ಕೇಳಬೇಕು, ಉತ್ತರವನ್ನು ಬಾಯಿಮಾತಿನಲ್ಲಲ್ಲ, ಬರಹದಲ್ಲಿ ಪಡೆಯಬೇಕು.

ಉಂಟೆಂದರೂ ಅಲ್ಲಿಗೇ ನಿಲ್ಲಬಾರದು. ಗುರುತು ಹಾಕಿ ಕಾವಲಿಟ್ಟ ಇಳಿಜಾರುಗಳಲ್ಲಿ ಮಾತ್ರವೋ, ಅದರಾಚೆಗೂ ಉಂಟೋ? ಶಿಕ್ಷಕನ ಮೇಲ್ವಿಚಾರಣೆ ಇರಲೇಬೇಕೋ? ಪಂದ್ಯದಲ್ಲಿ ಸೇರಿದರೆ ನಡೆಯುವುದೋ? ಮದ್ಯ ಸೇವಿಸಿ ಬಿದ್ದವನಿಗೆ ಪರಿಹಾರವಿಲ್ಲವೆಂಬುದು ಸಾಮಾನ್ಯವಾಗಿ ಎಲ್ಲ ಪತ್ರಗಳಲ್ಲೂ ಇರುವ ಮಾತು. ಎತ್ತರದ ಮಿತಿಯನ್ನೂ ನೋಡಬೇಕು. ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಆದರೆ ಅಲ್ಲಿನ ತಂತಿಯ ತೊಟ್ಟಿಲು ಜನರನ್ನು ಅಫರ್ವತ್ ಬೆಟ್ಟದ ಮೇಲೆ 3,900 ಮೀಟರಿಗೂ ಮಿಕ್ಕ ಎತ್ತರಕ್ಕೆ ಒಯ್ಯುತ್ತದೆ. ಪತ್ರದ ಮಿತಿ ಇವೆರಡರ ನಡುವೆ ಎಲ್ಲಾದರೂ ಇದ್ದರೆ, ಕೆಳಗೆ ಬಿದ್ದವನಿಗೆ ಪರಿಹಾರ ದೊರೆತು ಮೇಲೆ ಬಿದ್ದವನಿಗೆ ಇಲ್ಲವಾಗುತ್ತದೆ.

ಎರಡನೆಯದು, ಬೆಟ್ಟದಿಂದ ಕೆಳಗೆ ತರುವ ಖರ್ಚು. ಆಸ್ಪತ್ರೆಯ ಬಾಗಿಲಿನಿಂದಾಚೆಯ ಖರ್ಚನ್ನು ಮಾತ್ರ ನೆನೆದು, ಆ ಬಾಗಿಲಿಗೆ ಮುಟ್ಟುವ ಖರ್ಚನ್ನು ನಾವು ಮರೆಯುತ್ತೇವೆ. 2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ನಡೆದ ದುರಂತವನ್ನು ತಾವು ಬಲ್ಲಿರಿ. ಅದು ಸ್ಕೀಯಿಂಗ್ ಅಲ್ಲ, ಚಾರಣ. ತಂಡದಲ್ಲಿದ್ದವರು ಬಹುಪಾಲು ಕರ್ನಾಟಕದವರು. ನಾಲ್ಕು ಸಾವಿರ ಮೀಟರಿಗೂ ಮೇಲೆ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಅಸುನೀಗಿದರು. ಉಳಿದವರನ್ನು ಕರೆತರಲು ವಾಯುಪಡೆಯ ಹೆಲಿಕಾಪ್ಟರುಗಳೂ ವಿಪತ್ತು ರಕ್ಷಣಾ ದಳದವರೂ ಶ್ರಮಿಸಬೇಕಾಯಿತು. ಕರ್ನಾಟಕ ಸರ್ಕಾರದ ಸಚಿವರೇ ಅಲ್ಲಿಗೆ ಧಾವಿಸಿದರು. ಬೆಟ್ಟದ ಮೇಲೆ ದಾರಿ ತಪ್ಪಿದವನನ್ನು ಹುಡುಕುವುದು, ಎತ್ತಿ ತರುವುದು, ದೊಡ್ಡ ಆಸ್ಪತ್ರೆಗೆ ಸಾಗಿಸುವುದು, ಅಗತ್ಯವಾದರೆ ಊರಿಗೆ ತಲುಪಿಸುವುದು: ಈ ನಾಲ್ಕೂ ವಿಮಾ ಪತ್ರಗಳಲ್ಲಿ ಬೇರೆ ಬೇರೆ ಬಾಬುಗಳಾಗಿರುತ್ತವೆ. ನಾಲ್ಕನ್ನೂ ಬೇರೆ ಬೇರೆಯಾಗಿ ಕೇಳಿ ತಿಳಿಯುವುದು ಲೇಸು.

ಮೂರನೆಯದು, ದೇಹದ ಸತ್ಯ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ ಮೊದಲಾದುವನ್ನು ಮುಚ್ಚಿಟ್ಟರೆ ಕಂತು ಕಡಿಮೆಯಾದೀತು. ಆದರೆ ವಿಮೆಯೆಂಬುದು ಪರಸ್ಪರ ನಂಬಿಕೆಯ ಒಪ್ಪಂದ. ಮುಚ್ಚಿಟ್ಟದ್ದು ಬಯಲಾದ ದಿನ ಒಪ್ಪಂದವೇ ಬಿದ್ದುಹೋಗಬಹುದು. ನಮ್ಮ ಗುಲ್ಮಾರ್ಗಿನ ಹಳೆಯ ವಿದ್ಯಾರ್ಥಿಯ ತಂದೆ "ಮಾತ್ರೆ ನುಂಗುವುದನ್ನೆಲ್ಲ ಯಾಕೆ ಬರೆಯಬೇಕು?" ಎಂದರು. "ಬರೆಯದಿದ್ದರೆ ಈ ಹಣ ದಂಡ, ಯಜಮಾನರೇ" ಎಂದು ನಾವೇ ಕೈಹಿಡಿದು ಬರೆಸಿದೆವು.

ನಾಲ್ಕನೆಯದು, ಇನ್ನೊಬ್ಬರಿಗೆ ಆಗುವ ಹಾನಿ. ಜಾರುವವನು ತಾನೊಬ್ಬನೇ ಬೀಳುವುದಿಲ್ಲ. ಮತ್ತೊಬ್ಬರ ಮೇಲೂ ಬೀಳಬಹುದು. ಆಗ ತೆರಬೇಕಾದ ಹಣಕ್ಕೆ ಪತ್ರದಲ್ಲಿ ಆಸರೆಯುಂಟೇ? ಬಾಡಿಗೆಗೆ ತಂದ ಹಲಗೆ ಮುರಿದರೆ? ಪ್ರತಿ ಕ್ಲೇಮಿನಲ್ಲೂ ಮೊದಲ ಇಷ್ಟು ಹಣವನ್ನು ನೀವೇ ಭರಿಸಬೇಕೆಂಬ ಕಡಿತವೆಷ್ಟು? ಇವು ಸಣ್ಣ ಪ್ರಶ್ನೆಗಳಂತೆ ತೋರಿದರೂ ಕಂತಿನ ಅಗ್ಗತನದ ಗುಟ್ಟು ಬಹುಮಟ್ಟಿಗೆ ಇಲ್ಲಿಯೇ ಅಡಗಿರುತ್ತದೆ.

ಐದನೆಯದು, ಪ್ರವಾಸವೇ ನಿಂತುಹೋದರೆ ಏನು ಗತಿ ಎಂಬುದು. 2024ರ ಜನವರಿಯಲ್ಲಿ ಗುಲ್ಮಾರ್ಗಿನ ಇಳಿಜಾರುಗಳು ಹಿಮವಿಲ್ಲದೆ ಬರಿದಾಗಿದ್ದುವು. 2025ರಲ್ಲಿಯೂ ಅಲ್ಲಿ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆ ಮಾರ್ಚಿಗೆ ಮುಂದೂಡಿದರು. ಪ್ರವಾಸ ರದ್ದಾದರೆ ಹಣ ಹಿಂತಿರುಗಿಸುವ ವಿಮೆ ಕಾಯಿಲೆ, ಮರಣ ಮೊದಲಾದ ಹೆಸರಿಸಿದ ಕಾರಣಗಳಿಗೆ ಮಾತ್ರ ಅನ್ವಯಿಸುತ್ತದೆ. ಹಿಮ ಬೀಳಲಿಲ್ಲವೆಂಬುದು ಆ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಮಳೆ ಬಾರದ ವರ್ಷದ ವ್ಯಥೆ ಬಲ್ಲ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೇಶದೊಳಗೇ ಹೋಗುವವರಿಗೆ ಒಂದು ಸಮಾಧಾನವುಂಟು. ನಮ್ಮ ದೇಶದ ಆರೋಗ್ಯ ವಿಮಾ ಪತ್ರಗಳಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಡುವ ಪ್ರಮಾಣಿತ ಷರತ್ತು, ವೃತ್ತಿಪರನಾಗಿ ಅವುಗಳಲ್ಲಿ ತೊಡಗಿದವನನ್ನು ಕುರಿತದ್ದು. ರಜೆಗೆ ಹೋಗಿ ಜಾರಿದ ಗೃಹಸ್ಥನ ಆಸ್ಪತ್ರೆಯ ಖರ್ಚನ್ನು ಆ ಷರತ್ತೊಂದರಿಂದಲೇ ನಿರಾಕರಿಸುವಂತಿಲ್ಲ. ಹಾಗಿದ್ದರೂ ಬೆಟ್ಟದಿಂದ ಇಳಿಸುವ ಖರ್ಚು, ಅಪಘಾತದ ಅಂಗವೈಕಲ್ಯ, ಇನ್ನೊಬ್ಬರ ಹಾನಿ ಇವಕ್ಕೆ ಬೇರೆ ಏರ್ಪಾಡು ಬೇಕೇ ಬೇಕು. ರೈಲಿನ ಪ್ರಯಾಣವನ್ನೂ ಮರೆಯಬಾರದು. ರೈಲ್ವೆಯ ಜಾಲತಾಣದಲ್ಲಿ ಟಿಕೆಟು ಕೊಳ್ಳುವಾಗ ಒಂದು ರೂಪಾಯಿಗೂ ಕಡಿಮೆ ಕಂತಿಗೆ, ರೈಲು ಅಪಘಾತದಲ್ಲಿ ಮರಣವಾದರೆ 10 ಲಕ್ಷ ರೂಪಾಯಿಯ ವಿಮೆ ದೊರೆಯುತ್ತದೆ. 2023ರ ಜೂನ್ 2ರಂದು ಒಡಿಶಾದ ಬಹನಗಾ ಬಜಾರಿನಲ್ಲಿ ನಡೆದ ಅಪಘಾತದಲ್ಲಿ ಬೆಂಗಳೂರಿನಿಂದ ಹೌರಾಕ್ಕೆ ಹೊರಟ ಗಾಡಿಯೂ ಸಿಲುಕಿತ್ತೆಂಬುದು ನೆನಪಿರಲಿ. ವಿಮೆ ಬೇಕೆಂದು ಗುರುತು ಹಾಕಿದವರಲ್ಲಿ ಹಲವರು ನಾಮಿನಿಯ ಹೆಸರನ್ನು ತುಂಬುವುದಿಲ್ಲ. ತುಂಬಬೇಕು.

ಕಡೆಯದಾಗಿ, ಕಾಲಮಿತಿ. ಇದನ್ನು ನಮ್ಮ ರೈತರು ಪಟ್ಟಣಿಗರಿಗಿಂತ ಚೆನ್ನಾಗಿ ಬಲ್ಲರು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಬಿದ್ದೋ ನೀರು ನಿಂತೋ ಹೊಲದ ಬೆಳೆ ಕೆಟ್ಟರೆ 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವಿದೆ. ಪ್ರವಾಸದ ವಿಮೆಯೂ ಹಾಗೆಯೇ. ಪೆಟ್ಟು ಬಿದ್ದೊಡನೆ ವಿಮೆಯವರ ಸಹಾಯದ ದೂರವಾಣಿಗೆ ತಿಳಿಸದೆ ಆಸ್ಪತ್ರೆಯಲ್ಲಿ ಖರ್ಚು ಮಾಡಿದರೆ ತಕರಾರಿಗೆ ಎಡೆಯಾಗುತ್ತದೆ. ಆ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಮನೆಯವರೆಲ್ಲರ ಜೇಬಿನಲ್ಲಿರಿಸಿ. ಚಳಿಗೆ ಮೊಬೈಲು ಬೇಗ ಬರಿದಾಗುತ್ತದೆ, ಕಾಗದ ಬರಿದಾಗುವುದಿಲ್ಲ. ರಸೀದಿಗಳನ್ನೂ ವೈದ್ಯರ ಚೀಟಿಗಳನ್ನೂ ಒಂದೂ ಬಿಡದೆ ತನ್ನಿ.

ಈಗ ನಮ್ಮ ಮನಸ್ಸಿನಲ್ಲಿರುವ ಮುಖ್ಯವಾದ ಮಾತು. 1953ರ ಅಕ್ಟೋಬರ್ 1ರಂದು ರಾಯದುರ್ಗ ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಮಡಕಶಿರವು ಅನಂತಪುರ ಜಿಲ್ಲೆಯಲ್ಲಿದ್ದು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆಯ ಹೆಸರು ಏನೇ ಆಗಲಿ, ನಮ್ಮ ಅನೇಕರ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು, ವಿಮೆಯ ಕಾಗದ ಇಂಗ್ಲಿಷು. ಓದಲಾಗದ ಕಾಗದಕ್ಕೆ ಸಹಿ ಹಾಕುವುದು ನಮಗೆ ಹೀಗೆ ಅಭ್ಯಾಸವಾಗಿಬಿಟ್ಟಿದೆ. ಓದು ಬಲ್ಲವರು ಕೂಡ, ಯಾರೋ ನೋಡಿರುತ್ತಾರೆಂದು ಸುಮ್ಮನಾಗುತ್ತೇವೆ. ನಮ್ಮಿಂದಾದ ತಪ್ಪು ಇದೇ.

ಈ ಅಭ್ಯಾಸವನ್ನು ಬಿಡಲು ದಾರಿಗಳಿವೆ. 2024ರ ಜನವರಿ 1ರಿಂದ ಆರೋಗ್ಯ ವಿಮೆ ಮಾರುವವರು ಅದರ ಸಾರವನ್ನು, ಯಾವುದಕ್ಕೆ ಪರಿಹಾರವಿಲ್ಲವೆಂಬುದೂ ಸೇರಿದಂತೆ, ಸರಳವಾದ ಮಾಹಿತಿ ಪತ್ರದಲ್ಲಿ ಕೊಡಬೇಕು. ಗ್ರಾಹಕ ಬಯಸಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂಬುದು ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶ. ಕನ್ನಡದಲ್ಲಿ ಬೇಕೆಂದು ಕೇಳಲು ಸಂಕೋಚವೇಕೆ? ಕೇಳದೆ ಯಾರೂ ತಂದುಕೊಡುವುದಿಲ್ಲ. ಅನ್ಯಾಯವಾಯಿತೆಂದು ತೋರಿದರೆ ಮೊದಲು ಕಂಪನಿಗೆ ಬರೆಯಬೇಕು. ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಲೋಕಪಾಲರಲ್ಲಿ ದೂರು ಕೊಡಬಹುದು. ಆಂಧ್ರದ ನಮಗೆ ಹೈದರಾಬಾದಿನಲ್ಲಿಯೂ ಬೆಂಗಳೂರಿನಲ್ಲಿ ನೆಲೆಸಿದವರಿಗೆ ಅಲ್ಲಿಯೂ ಅವರ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಲೋಕಪಾಲರೂ ನೋಡುವುದು ಬರೆದಿರುವ ಷರತ್ತನ್ನೇ. ಹದಿನಾಲ್ಕನೆಯ ಪುಟವನ್ನು ಅವರು ಅಳಿಸಲಾರರು.

ಗುಲ್ಮಾರ್ಗಿಗೆ ಹೊರಟ ನಮ್ಮ ಹಳೆಯ ವಿದ್ಯಾರ್ಥಿ ನಾವು ಬರೆಸಿದ ಪ್ರಶ್ನೆಗಳನ್ನು ಕಂಪನಿಗೆ ಕಳುಹಿಸಿದ. ಗುರುತಿನ ಇಳಿಜಾರಿನಲ್ಲಿ, ಶಿಕ್ಷಕನ ಜೊತೆಯಲ್ಲಿ ಆಡಿದರೆ ಮಾತ್ರ ಪರಿಹಾರವುಂಟು, ಅದಕ್ಕೂ ಹೆಚ್ಚುವರಿ ಕಂತು ಬೇಕು ಎಂದು ಲಿಖಿತ ಉತ್ತರ ಬಂತು. ಅವನು ಆ ಕಂತನ್ನು ಕಟ್ಟಿದ, ಶಿಕ್ಷಕನನ್ನೂ ಗೊತ್ತುಮಾಡಿಕೊಂಡ. ತಂದೆಯವರು ಕೆಳಗೆ ಕುಳಿತು ಮೊಮ್ಮಕ್ಕಳ ಆಟವನ್ನು ನೋಡುವುದೆಂದು ನಿಶ್ಚಯವಾಗಿದೆ.

ಸಭಿಕರೇ, ಅರ್ಧ ತೋಟ ಕಳೆದುಕೊಂಡ ಆ ಹಿರಿಯರು ಇಂದು ಈ ಸಭೆಯಲ್ಲಿಯೇ ಇದ್ದಾರೆ. ಅವರ ಅನುಮತಿ ಪಡೆದೇ ಈ ಸಂಗತಿಯನ್ನು ಹೇಳಿದ್ದೇವೆ. ತೋಟವನ್ನು ಹಿಂದಿರುಗಿಸುವ ಶಕ್ತಿ ನಮಗಿಲ್ಲ. ಮಾಡಬಹುದಾದದ್ದು ಇಷ್ಟು: ಬರುವ ತಿಂಗಳಿನಿಂದ ಪ್ರತಿ ಶನಿವಾರ ಸಂಜೆ ಒಂದು ಗಂಟೆಯ ಕಾಲ ನಾವು ಶಾಲೆಯಲ್ಲಿ ಕುಳಿತಿರುತ್ತೇವೆ. ವಿಮೆಯದಾಗಲಿ, ಬ್ಯಾಂಕಿನದಾಗಲಿ, ಯಾವ ಕಾಗದವನ್ನಾದರೂ ತನ್ನಿ. ಹತ್ತನೆಯ ತರಗತಿಯ ಮಕ್ಕಳನ್ನೂ ಕೂರಿಸಿಕೊಂಡು, ಕೊನೆಯ ಪುಟದವರೆಗೆ ಓದಿ, ಕನ್ನಡದಲ್ಲಿ ಅರ್ಥ ಹೇಳುತ್ತೇವೆ. ಮೊದಲ ಪುಟ ನೋಡಿ "ಸರಿಯಾಗಿದೆ" ಎನ್ನುವ ಮಾತು ಇನ್ನು ನಮ್ಮ ಬಾಯಿಂದ ಬಾರದು.