ಹಿರ್ತಾ ದ್ವೀಪದ ಪಾದ್ರಿಗಳು

ಪಾದ್ರಿ ಎಂದೊಡನೆ ಕನ್ನಡ ವಿದ್ಯಾರ್ಥಿಯಾದ ನನಗೆ ಮೊದಲು ನೆನಪಾಗುವವರು ಕಿಟ್ಟೆಲ್. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದು, 1894ರಲ್ಲಿ ನಮ್ಮ ನುಡಿಗೆ ಮಹಾನಿಘಂಟನ್ನು ಕೊಟ್ಟ ಅವರಿಗೆ ನಮ್ಮ ನಡುವೆ ದೊರೆತ ಸ್ಥಾನ ಉಪದೇಶದಿಂದ ಬಂದದ್ದಲ್ಲ. ಇಂದು ನಾನು ಹೇಳಹೊರಟಿರುವುದು ಅಷ್ಟು ಹೆಸರಾಗದ ಇಬ್ಬರು ಪಾದ್ರಿಗಳ ಸಂಗತಿ. ನೂರರ ಆಸುಪಾಸಿನ ಜನರಿದ್ದ ಒಂದು ದ್ವೀಪದಲ್ಲಿ ಅವರು ನೆಲೆ ಕಂಡುಕೊಂಡ ಬಗೆ ನನ್ನನ್ನು ಬಹುಕಾಲ ಕಾಡಿದೆ.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಹೊರ ಹೆಬ್ರಿಡೀಸ್ ದ್ವೀಪಗಳಿಗಿಂತಲೂ ಸುಮಾರು 65 ಕಿಲೋಮೀಟರ್ ಆಚೆ, ಅಟ್ಲಾಂಟಿಕ್ ಸಾಗರದಲ್ಲಿ ಸೇಂಟ್ ಕಿಲ್ಡಾ ಎಂಬ ದ್ವೀಪಸಮೂಹವಿದೆ. ಅದರಲ್ಲಿ ಜನವಸತಿಯಿದ್ದ ದ್ವೀಪ ಹಿರ್ತಾ. ಅಲ್ಲಿಯವರ ಮಾತು ಗೇಲಿಕ್; ಬದುಕಿಗೆ ಕಡಲಹಕ್ಕಿಗಳೇ ಆಧಾರ. ಗಂಡಸರು ಹಗ್ಗ ಹಿಡಿದು ಕಡಿದಾದ ಬಂಡೆಗಳಿಂದಿಳಿದು ಹಕ್ಕಿಗಳನ್ನೂ ಮೊಟ್ಟೆಗಳನ್ನೂ ತರುತ್ತಿದ್ದರು. ಮಾಂಸ ಊಟಕ್ಕೆ, ಎಣ್ಣೆ ದೀಪಕ್ಕೆ, ಪುಕ್ಕ ಒಡೆಯನ ಗೇಣಿಗೆ. ಬೇಟೆಯನ್ನು ಪಾಲು ಹಂಚಿಕೊಳ್ಳುತ್ತಿದ್ದರು. ಇಂಥ ಊರಿನಲ್ಲಿ ಬಂಡೆಯಿಳಿಯಲಾರದ ಒಬ್ಬ ವಿದ್ಯಾವಂತನಿಗೆ ಏನು ಕೆಲಸವೆಂದು ಯಾರಾದರೂ ಕೇಳಬಹುದು.

1830ರಲ್ಲಿ ನೀಲ್ ಮೆಕೆಂಜಿ ಅಲ್ಲಿ ಬಂದಿಳಿದಾಗ ಚರ್ಚೂ ಪಾದ್ರಿಯ ಮನೆಯೂ ಸಿದ್ಧವಾಗಿದ್ದವು. ಕಟ್ಟಡವಿದ್ದ ಮಾತ್ರಕ್ಕೆ ಊರಿನಲ್ಲಿ ಜಾಗವಿದ್ದಂತಾಗದು. ಆದರೆ ಗೇಲಿಕ್ ಅವರಿಗೆ ಬರುತ್ತಿತ್ತು. ಅದೇ ದೊಡ್ಡ ಬಂಡವಾಳ. ಬೋಧನೆಯ ಜೊತೆಗೆ ಮಕ್ಕಳಿಗೂ ದೊಡ್ಡವರಿಗೂ ಓದು ಕಲಿಸಿದರು. ಆಗ ಚಳಿಗಾಲದಲ್ಲಿ ಜನರೂ ದನಗಳೂ ಒಂದೇ ಸೂರಿನಡಿ ಇರುತ್ತಿದ್ದರು. ಸಗಣಿ ಗೊಬ್ಬರ ಒಳಗೇ ರಾಶಿಯಾಗುತ್ತಿತ್ತು. ಊರನ್ನೇ ಹೊಸದಾಗಿ ಕಟ್ಟುವಂತೆ ಮೆಕೆಂಜಿ ಒಪ್ಪಿಸಿದರು. 1834ರಲ್ಲಿ ಅಲ್ಲಿಗೆ ಬಂದ ಥಾಮಸ್ ಆಕ್ಲೆಂಡ್ ಎಂಬ ಶ್ರೀಮಂತರು ಅದಕ್ಕೆ ಹಣದ ಉತ್ತೇಜನ ನೀಡಿದರು. ಮೊದಲು ಕಾಲಕಾಲಕ್ಕೆ ಹಂಚಿಕೆ ಬದಲಾಗುತ್ತಿದ್ದ ಹೊಲ, ಈಗ ಕುಟುಂಬಕ್ಕೊಂದು ಕಾಯಂ ಪಟ್ಟಿಯಾಯಿತು. ಇದು ಆ ಊರಿನ ಹಂಚಿ ಬಾಳುವ ಗುಣಕ್ಕೆ ಒಳಿತು ಮಾಡಿತೇ ಎಂಬ ಸಂದೇಹ ನನಗಿದೆ. ಸುಧಾರಕನ ಕೈ ಯಾವಾಗಲೂ ಸ್ವಲ್ಪ ಭಾರವೇ.

ಆದರೂ ಆ ಮನುಷ್ಯ ಬರಿಯ ಸುಧಾರಕನಲ್ಲ. ಹಿರ್ತಾದ ಹಕ್ಕಿಗಳ ಬಗ್ಗೆ ಅವರು ಬರೆದಿಟ್ಟ ಟಿಪ್ಪಣಿಗಳು 1905ರಲ್ಲಿ ಅಚ್ಚಾದವು. ಪಕ್ಷಿ ಎಂದು ಬರುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ ಎಂಬುದು ಆ ಊರಿನ ವಿದ್ಯೆ. ಕಲಿಸಬಂದವರು ತಮ್ಮ ಸಭೆಯವರ ಬಳಿಯೇ ಶಿಷ್ಯರಾಗಿ ಕುಳಿತರೆಂದು ನಾನು ಭಾವಿಸುತ್ತೇನೆ.

ಆದರೆ ಒಂದು ದುಃಖಕ್ಕೆ ಅವರ ಬಳಿ ಮದ್ದಿರಲಿಲ್ಲ. ಆರೋಗ್ಯವಾಗಿ ಹುಟ್ಟಿದ ಕೂಸು ಕೆಲವೇ ದಿನಗಳಲ್ಲಿ ಮೊಲೆ ಬಿಡುತ್ತಿತ್ತು, ದವಡೆ ಕಚ್ಚಿಕೊಳ್ಳುತ್ತಿತ್ತು, ಎಂಟನೆಯ ದಿನದ ಹೊತ್ತಿಗೆ ಜೀವ ಹೋಗುತ್ತಿತ್ತು. ಅದಕ್ಕೆ ಎಂಟು ದಿನದ ಬೇನೆ ಎಂದೇ ಹೆಸರು. ಅದು ನವಜಾತ ಧನುರ್ವಾಯು. ನಮ್ಮ ದೇಶ ಅದರಿಂದ ಮುಕ್ತವಾಯಿತೆಂದು ಘೋಷಣೆಯಾದದ್ದು 2015ರಲ್ಲಿ.

1889ರಲ್ಲಿ ಬಂದ ಆಂಗಸ್ ಫಿಡ್ಡೆಸ್ ಎಂಬ ಪಾದ್ರಿ ಈ ಸಾವುಗಳನ್ನು ದೈವೇಚ್ಛೆಯೆಂದು ಒಪ್ಪಿ ಸುಮ್ಮನಿರಲಿಲ್ಲ. ಗ್ಲಾಸ್ಗೋ ನಗರಕ್ಕೆ ಹೋಗಿ, ಹೊಕ್ಕುಳಬಳ್ಳಿಯನ್ನು ನಂಜು ತಾಗದಂತೆ ಕೊಯ್ದು ಕಟ್ಟುವ ಕ್ರಮವನ್ನು ವೈದ್ಯರಿಂದ ಕಲಿತು ಬಂದರು. ಕಲಿತದ್ದೇನೋ ಸರಿ; ಪ್ರಯೋಗಿಸುವುದೆಲ್ಲಿ? ಹೆರಿಗೆಯ ಕೋಣೆ ಸೂಲಗಿತ್ತಿಯ ರಾಜ್ಯ. ಅಲ್ಲಿ ಗಂಡಸಿಗೆ, ಅದರಲ್ಲೂ ಪಾದ್ರಿಗೆ, ಪ್ರವೇಶ ಸುಲಭವೇ? ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಆ ಹೊಸಿಲು ಎಷ್ಟು ಎತ್ತರದ್ದೆಂದು ವಿವರಿಸಬೇಕಾಗಿಲ್ಲ. ವಿರೋಧವಿತ್ತು. ಫಿಡ್ಡೆಸ್ ಹಿಂದೆಗೆಯಲಿಲ್ಲ. 1891ರ ಬಳಿಕ ಹಿರ್ತಾದಲ್ಲಿ ಆ ಬೇನೆಯಿಂದ ಕೂಸುಗಳು ಸಾಯಲಿಲ್ಲ. ಅವರು ಕೊಟ್ಟ ಪ್ರವಚನಗಳಲ್ಲಿ ಎಷ್ಟನ್ನು ಆ ತಾಯಂದಿರು ನೆನಪಿಟ್ಟುಕೊಂಡರೋ! ಒಂಬತ್ತನೆಯ ದಿನವೂ ಮೊಲೆಗೆ ಬಾಯಿಡುವ ಮಗುವನ್ನು ಮಾತ್ರ ಮರೆತಿರಲಾರರು.

ಬದುಕುಳಿದ ಮಕ್ಕಳಿಗೂ ಆ ನೆಲ ಸಾಕಾಗಲಿಲ್ಲ. ಯುವಕರು ಒಬ್ಬೊಬ್ಬರಾಗಿ ಹೊರಗೆ ಹೋದರು. ಉಳಿದ 36 ಜನರು ತಾವೇ ಕೇಳಿಕೊಂಡಂತೆ, 1930ರ ಆಗಸ್ಟ್ 29ರಂದು ಹಡಗು ಹತ್ತಿದರು. ಹೊರಡುವ ಮುನ್ನ ಮನೆಮನೆಯಲ್ಲೂ ಒಂದು ಬೈಬಲನ್ನು ತೆರೆದಿಟ್ಟು, ಪಕ್ಕದಲ್ಲಿ ಹಿಡಿಯಷ್ಟು ಓಟ್ಸ್ ಕಾಳನ್ನು ಇಟ್ಟು ಬಂದರೆಂದು ಹೇಳುತ್ತಾರೆ.